ಅಮ್ಮ ಜೈಲಿನಲ್ಲಿ, ಮಕ್ಕಳು ಅಜ್ಜಿ ಹತ್ತಿರ: ಒಂದು ಪ್ರಕರಣ ಅಧ್ಯಯನ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಯಾವುದೋ ಒಂದೇ ಮನೆಯ ಕತೆ ಅಲ್ಲ. ಅಪ್ಪನೋ ಅಮ್ಮನೋ ಜೈಲು ಸೇರಿದ ಮನೆಗಳಲ್ಲಿ ಮತ್ತೆ ಮತ್ತೆ ಆಗುವುದನ್ನು ಒಂದು ಮನೆಯೊಳಗೆ ಕೂಡಿಸಿ ಬರೆದಿದ್ದೇನೆ. ಯಾರ ಗುರುತೂ ಹೊರಬೀಳಬಾರದು ಅಂತ ಹೀಗೆ ಮಾಡಿದ್ದು. ಹೆಸರುಗಳನ್ನೂ ಇಟ್ಟಿಲ್ಲ. ಅಜ್ಜಿ, ಅಮ್ಮ, ಅಕ್ಕ, ತಮ್ಮ ಅಂದರೆ ಸಾಕು. ಇವರ ಜೊತೆ ಓಡಾಡಿದವರು ಒಬ್ಬ ಸಮಾಜ ಕಾರ್ಯಕರ್ತೆ.

ಮನೆಯ ಪರಿಸ್ಥಿತಿ

ಅಮ್ಮನಿಗೆ 29 ವರ್ಷ. ಕೆಲಸ ಮಾಡುತ್ತಿದ್ದ ಕಡೆ ಹಣದ ಮೋಸ ನಡೆದಿತ್ತು. ಅದರಲ್ಲಿ ಅವಳ ಕೈಯೂ ಇತ್ತು ಅಂತ ಸಾಬೀತಾಗಿ 4 ವರ್ಷ ಶಿಕ್ಷೆ ಆಯಿತು. ಅವಳು ಒಳಗೆ ಹೋದಾಗ ಅಕ್ಕನಿಗೆ 4 ವರ್ಷ, ತಮ್ಮನಿಗೆ 10 ತಿಂಗಳು. ಗಂಡ ಬೇರೆ ಊರಿನಲ್ಲಿ ದುಡಿಯುತ್ತಾನೆ, ತಿಂಗಳಿಗೆ ಒಂದೆರಡು ಸಲ ಬಂದು ಹೋಗುತ್ತಾನೆ. ಹಾಗಾಗಿ ಎರಡೂ ಮಕ್ಕಳು ಅವನ ತಾಯಿಯ ಮಡಿಲಿಗೆ ಬಂದವು. ಅಜ್ಜಿಗೆ 60 ದಾಟಿದೆ, ಮಂಡಿನೋವು ಬೇರೆ. ಜೈಲಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ.

ತಮ್ಮನನ್ನು ಅಮ್ಮನ ಜೊತೆಗೇ ಬಿಡಬಹುದಿತ್ತಲ್ವಾ ಅಂತ ಕೇಳುವವರಿದ್ದಾರೆ. ಅದು ದೇಶದಿಂದ ದೇಶಕ್ಕೆ ಬೇರೆ ಬೇರೆ. ಭಾರತದಲ್ಲಿ 2006ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮಗು 6 ವರ್ಷದವರೆಗೆ ತಾಯಿಯ ಜೊತೆ ಇರಬಹುದು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 18 ತಿಂಗಳವರೆಗೆ. ನಾರ್ವೆಯಲ್ಲಿ ಮಕ್ಕಳನ್ನು ಜೈಲಿನೊಳಗೆ ಇಟ್ಟುಕೊಳ್ಳುವುದೇ ಇಲ್ಲ. ಈ ಮನೆಯವರು ಮಗುವನ್ನು ಹೊರಗೇ ಉಳಿಸಿಕೊಂಡರು. ಅಕ್ಕ ತಮ್ಮ ಬೇರೆಯಾಗಬಾರದು ಅನ್ನುವುದು ಅವರ ಯೋಚನೆ. ನನಗೂ ಅದು ಸರಿ ಅನಿಸುತ್ತದೆ. ಆದರೆ ಅದರಿಂದ ಒಂದು ತೊಡಕು ಹುಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

ಏನೋ ಸರಿಯಿಲ್ಲ ಅಂತ ಮೊದಲು ಗಮನಿಸಿದವರು ಶಿಶುವಿಹಾರದ ಟೀಚರ್. ಅಕ್ಕ ದಿನಾ ಬ್ಯಾಗಿನಲ್ಲಿ ತನ್ನ ಒಂದು ಜೊತೆ ಬಟ್ಟೆ, ತಮ್ಮನ ಟೋಪಿ ತುರುಕಿಕೊಂಡು ಬರುತ್ತಿದ್ದಳು. ಯಾಕೆ ಅಂದರೆ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಮತ್ತೆ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದ್ದಳು. ಅಜ್ಜಿ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕಾದು ಕೂರುತ್ತಿದ್ದಳು. ಅಮ್ಮ ಹೋಗಿ ಆಗ 5 ತಿಂಗಳಾಗಿತ್ತು. "ಅಮ್ಮ ಕೆಲಸಕ್ಕೆ ದೂರದ ಊರಿಗೆ ಹೋಗಿದ್ದಾಳೆ" ಅನ್ನುವುದು ಮನೆಯಲ್ಲಿ ಹೇಳಿದ್ದ ಮಾತು.

ಯಾರಿಂದ ಶುರು ಮಾಡಬೇಕು?

ಮೊದಲ ಸಲ ಮನೆಗೆ ಬಂದ ಕಾರ್ಯಕರ್ತೆಗೆ ಅಜ್ಜಿ ನೇರವಾಗಿಯೇ ಹೇಳಿದರು: "ನೋಡಮ್ಮ, ಮಕ್ಕಳನ್ನ ಹೇಗೋ ಸಾಕ್ತೀನಿ. ಆದ್ರೆ ಅವಳ ಹೆಸರನ್ನ ಈ ಮನೇಲಿ ಎತ್ತಬೇಡ."

ಇಂಥ ಕಡೆ ಸಹಾಯ ಅಂದರೆ ಎಲ್ಲರ ಕಣ್ಣೂ ಜೈಲಿನ ಕಡೆಗೇ ಹೋಗುತ್ತದೆ. ಒಳಗಿರುವ ತಾಯಿಗೆ ತರಗತಿ, ಭೇಟಿ ಕೋಣೆಗೆ ಬಣ್ಣ, ಮಕ್ಕಳಿಗೆ ಆಟಿಕೆ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ 4 ವರ್ಷದ ಮಗು ಫೋನ್ ಮಾಡಲಾರದು, ಬಸ್ ಹತ್ತಲಾರದು, ಕಾಗದ ಓದಲಾರದು. ಅಮ್ಮನಿಂದ ಬರುವ ಪ್ರತಿಯೊಂದು ಮಾತೂ ಅಜ್ಜಿಯ ಕೈ ದಾಟಿಯೇ ಮಗುವಿಗೆ ಮುಟ್ಟಬೇಕು. ಅಜ್ಜಿ ಮನಸ್ಸು ಮಾಡದಿದ್ದರೆ ಜೈಲಿನವರು ಎಷ್ಟೇ ಅನುಕೂಲ ಮಾಡಿಕೊಟ್ಟರೂ ಆ ಮಗುವಿಗೆ ಅದು ಇದ್ದೂ ಇಲ್ಲದ ಹಾಗೆ. ಈ ಪ್ರಕರಣದಲ್ಲಿ ಮುಖ್ಯವಾದ ಕೆಲಸ ನಡೆದದ್ದು ಅಜ್ಜಿಯ ಜೊತೆ. ಉಳಿದದ್ದೆಲ್ಲ ಅದರ ಹಿಂದೆ ಬಂತು.

ಅಮೆರಿಕದ ಸಂಶೋಧಕಿ ಜೂಲಿ ಪೋಲ್‌ಮನ್ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ತಾಯಿ ಜೈಲಿನಲ್ಲಿದ್ದ 54 ಮಕ್ಕಳನ್ನು ಅವರು ನೋಡಿದ್ದರು. ಎಲ್ಲ ಎರಡೂವರೆಯಿಂದ ಏಳೂವರೆ ವರ್ಷದವರು. ಅವರಲ್ಲಿ 63% ಮಕ್ಕಳಿಗೆ ತಾಯಿಯ ಬಗ್ಗೆ, ಸಾಕುವವರ ಬಗ್ಗೆ ಭದ್ರ ಭಾವನೆ ಇರಲಿಲ್ಲ. ಯಾರಿಗೆ ಇತ್ತು ಅಂತ ನೋಡಿದರೆ, ಮನೆಯಿಂದ ಮನೆಗೆ ಸಾಗಹಾಕದೆ ಒಂದೇ ಕಡೆ ನೆಲೆಯಾಗಿ ಸಾಕಿದ ಮಕ್ಕಳಿಗೆ ಅದು ಹೆಚ್ಚು. ಅಂದರೆ ಅಜ್ಜಿ ಕುಸಿದರೆ ಅಮ್ಮನ ಜೊತೆಗಿನ ನಂಟೂ ಕುಸಿಯುತ್ತದೆ.

ಅದಕ್ಕೇ ಕಾರ್ಯಕರ್ತೆ ಕೆಲವು ವಾರ ಅಮ್ಮನ ವಿಷಯ ಎತ್ತಲೇ ಇಲ್ಲ. ಅಜ್ಜಿಯನ್ನು ಮಂಡಿನೋವಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ತಮ್ಮನನ್ನು ಬೆಳಗಿನ ಹೊತ್ತು ನೋಡಿಕೊಳ್ಳಲು ಒಂದು ವ್ಯವಸ್ಥೆ ಮಾಡಿದರು. ಸಿಗಬೇಕಾದ ನೆರವಿಗೆ ಅರ್ಜಿ ಬರೆದುಕೊಟ್ಟರು. ಅಜ್ಜಿ ಬೈದುಕೊಂಡಾಗ ಸುಮ್ನೆ ಕೇಳಿದರು. ಸೊಸೆಯ ಮೇಲೆ ಸಿಟ್ಟು, ಮಗನ ಮುಖ ನೋಡಿದರೆ ಸಂಕಟ, ನೆಂಟರ ಎದುರು ನಾಚಿಕೆ. ಒಂದು ಸಾವಾದರೆ ಜನ ಮನೆಗೆ ಬರುತ್ತಾರೆ. ಜೈಲಾದರೆ ಬರುತ್ತಿದ್ದವರೂ ನಿಲ್ಲಿಸುತ್ತಾರೆ. ಅಮೆರಿಕದ ಪೌಲೀನ್ ಬಾಸ್ ಅನ್ನುವ ಚಿಕಿತ್ಸಕಿ ಇಂಥ ನಷ್ಟದ ಬಗ್ಗೆಯೇ ದಶಕಗಳ ಕಾಲ ಬರೆದಿದ್ದಾರೆ. ಹೋದವರು ಬದುಕಿದ್ದಾರೆ, ಆದರೆ ಮನೆಯಲ್ಲಿಲ್ಲ. ಅತ್ತು ಮುಗಿಸುವ ಹಾಗೂ ಇಲ್ಲ, ಬರುತ್ತಾರೆ ಅಂತ ನೆಮ್ಮದಿಯಾಗಿ ಕಾಯುವ ಹಾಗೂ ಇಲ್ಲ.

ಒಂದು ದಿನ ಕಾರ್ಯಕರ್ತೆ ಕೇಳಿದರು: "ಅಜ್ಜಿ, ಸೊಸೆ ಎದುರಿಗೆ ಸಿಕ್ಕರೆ ಏನು ಕೇಳ್ತೀರಿ?"

ಅಜ್ಜಿ ಮೊದಲು "ಯಾಕೆ ಹೀಗೆ ಮಾಡ್ದೆ ಅಂತ ಕೇಳ್ತೀನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಬೇರೆ ಪ್ರಶ್ನೆಗಳು ಬಂದವು. ಚಿಕ್ಕವನ ಲಸಿಕೆ ಕಾರ್ಡ್ ಎಲ್ಲಿಟ್ಟಿದ್ದಾಳೆ? ದೊಡ್ಡವಳಿಗೆ ಯಾವ ಔಷಧಿ ಕೊಟ್ಟಾಗ ಮೈಮೇಲೆ ಗುಳ್ಳೆ ಎದ್ದಿತ್ತು? ರಾತ್ರಿ ಎದ್ದು ಅತ್ತರೆ ಏನು ಹಾಡುತ್ತಿದ್ದಳು?

ಅಮ್ಮನಿಗೆ ಹೋದ ಮೊದಲ ಕಾಗದ ಅದೇ. ಬರೀ ಪ್ರಶ್ನೆಗಳ ಪಟ್ಟಿ. ಪ್ರೀತಿಯ ಒಂದು ಮಾತಿರಲಿಲ್ಲ. ಉತ್ತರ ಮೂರು ಪುಟ ಬಂತು. ಕಾರ್ಡ್ ಇರುವ ಜಾಗ, ಔಷಧಿಯ ಹೆಸರು, ಹಾಡಿನ ಸಾಲು, ಯಾವ ಮಗುವಿಗೆ ಯಾವ ಹೊದಿಕೆ ಅನ್ನುವವರೆಗೆ. ಕೊನೆಯಲ್ಲಿ "ಅತ್ತೆ, ನೀವು ಇಲ್ಲದಿದ್ದರೆ ನನ್ನ ಮಕ್ಕಳು ಎಲ್ಲಿರುತ್ತಿದ್ದರೋ" ಅಂತ ಒಂದು ಸಾಲು. ಅಜ್ಜಿ ಅದನ್ನು ಎರಡು ಸಲ ಓದಿಸಿಕೊಂಡರು. ಸಿಟ್ಟು ಹೋಯಿತು ಅಂತಲ್ಲ. ಸೊಸೆ ಇನ್ನೂ ಈ ಮಕ್ಕಳ ತಾಯಿ, ಅವಳಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಅನ್ನುವುದು ಅವರಿಗೆ ಒಪ್ಪಿಗೆಯಾಯಿತು. ಕೆಲಸಕ್ಕೆ ಅಷ್ಟು ಸಾಕಿತ್ತು.

ಮಹಿಳಾ ಕೈದಿಗಳಿಗಾಗಿ ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ಬ್ಯಾಂಕಾಕ್ ನಿಯಮಗಳಲ್ಲಿ ಎರಡನೆಯದೇ ಇದರ ಬಗ್ಗೆ ಇದೆ. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ಜೈಲು ಸೇರುವ ಮುಂಚೆ ಮಕ್ಕಳ ಏರ್ಪಾಡು ಮಾಡಲು ಅವಕಾಶ ಕೊಡಬೇಕು ಅನ್ನುತ್ತದೆ ಅದು. ಇಲ್ಲಿ ಆ ಅವಕಾಶ ಸಿಕ್ಕಿರಲಿಲ್ಲ. ಎಷ್ಟೋ ಮನೆಗಳಲ್ಲಿ ಸಿಗುವುದಿಲ್ಲ. ಸಿಕ್ಕಿದ್ದರೆ ಆ ಮೂರು ಪುಟ ಮೊದಲ ದಿನವೇ ಅಜ್ಜಿಯ ಕೈಯಲ್ಲಿರುತ್ತಿತ್ತು.

ನಿಜ ಹೇಳಿದ್ದು

ಅಕ್ಕನಿಗೆ ನಿಜ ಹೇಳಬೇಕು ಅಂದಾಗ ಅಜ್ಜಿ ಗಾಬರಿಯಾದರು. "ಇಷ್ಟು ಚಿಕ್ಕ ಮಗೂಗೆ ಜೈಲು ಅಂತ ಹೇಳೋದಾ? ಬೇಕಾದ್ರೆ ನೀನೇ ಹೇಳಮ್ಮ."

ಕಾರ್ಯಕರ್ತೆ ಒಪ್ಪಲಿಲ್ಲ. ಸರಿಯಾಗಿಯೇ ಮಾಡಿದರು. ಮಗುವಿನ ಪ್ರಶ್ನೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಬರುತ್ತದೆ, ಬಚ್ಚಲಲ್ಲಿ ಬರುತ್ತದೆ. ಆಗ ಪಕ್ಕದಲ್ಲಿ ಇರುವವರು ಅಜ್ಜಿ. ಹೇಳಿದವರನ್ನೇ ಮಗು ಮತ್ತೆ ಕೇಳುವುದು. ಹಾಗಾಗಿ ಇಬ್ಬರೂ ಕೂತು ಮಾತು ಹೊಂದಿಸಿಕೊಂಡರು. ಕೊನೆಗೆ ಉಳಿದದ್ದು ಇಷ್ಟು:

"ಅಮ್ಮ ಕೆಲಸಕ್ಕೆ ಹೋಗಿದ್ದಾಳೆ ಅಂದಿದ್ದೆ ಅಲ್ವಾ, ಅದು ಸರಿ ಅಲ್ಲ. ಅಮ್ಮ ದೊಡ್ಡವರು ಮಾಡಬಾರದ ಒಂದು ತಪ್ಪು ಮಾಡಿದಳು. ಅದಕ್ಕೆ ಜೈಲು ಅನ್ನೋ ಜಾಗದಲ್ಲಿ ಇರಬೇಕು. ಅಲ್ಲಿ ಊಟ ಇದೆ, ಮಲಗೋಕೆ ಜಾಗ ಇದೆ. ನಿನ್ನಿಂದ ಏನೂ ಆಗಿಲ್ಲ. ನಾನು ಇಲ್ಲೇ ಇರ್ತೀನಿ."

ಅಕ್ಕ ಕೇಳಿದ್ದು ಒಂದೇ. "ಅಲ್ಲಿ ಲೈಟ್ ಇದ್ಯಾ?" ಇದೆ ಅಂದರು. ಆಡಲು ಓಡಿಹೋದಳು. ಅಜ್ಜಿಗೆ ಆಶ್ಚರ್ಯ, ಇಷ್ಟೇನಾ ಅಂತ. ನಿಜವಾದ ಪ್ರಶ್ನೆ ಬಂದಿದ್ದು ಎರಡು ದಿನದ ಮೇಲೆ: "ನಾನು ಗ್ಲಾಸ್ ಒಡೆದಿದ್ದಕ್ಕಾ?"

ಪೊಲೀಸರು ಬಂದ ಬೆಳಿಗ್ಗೆ ಅವಳು ಒಂದು ಗ್ಲಾಸ್ ಒಡೆದಿದ್ದಳು. ಅಮ್ಮ ಬೈದಿದ್ದಳು. ಮೂರರಿಂದ ಆರು ವರ್ಷದ ಮಕ್ಕಳು ಹೀಗೇ ಯೋಚಿಸುತ್ತಾರೆ. ಜಗತ್ತಿನಲ್ಲಿ ಏನೇ ಆದರೂ ಅದಕ್ಕೂ ತಮಗೂ ಸಂಬಂಧ ಇದೆ ಅಂತ ಅವರ ಲೆಕ್ಕ. ದೊಡ್ಡವರು ಕಾರಣ ಹೇಳದಿದ್ದರೆ ಮಗು ತನಗೆ ಗೊತ್ತಿರುವ ಕಾರಣವನ್ನೇ ಹಾಕಿಕೊಳ್ಳುತ್ತದೆ. ಅಷ್ಟೂ ತಿಂಗಳು ಆ ಮಗು ಒಂದು ಗ್ಲಾಸಿನ ಭಾರ ಹೊತ್ತಿತ್ತು. ನಂತರ ಇನ್ನೊಂದು ಪ್ರಶ್ನೆ: "ನನ್ನನ್ನೂ ಕರ್ಕೊಂಡು ಹೋಗ್ತಾರಾ?" ಬ್ಯಾಗಿನಲ್ಲಿ ಬಟ್ಟೆ ಯಾಕಿತ್ತು ಅಂತ ಆಗ ತಿಳಿಯಿತು. ತಮ್ಮನ ಟೋಪಿ ಯಾಕಿತ್ತು ಅಂತಲೂ. ಬಟ್ಟೆ ತೆಗೆದುಬಿಡು ಅಂತ ಯಾರೂ ಒತ್ತಾಯ ಮಾಡಲಿಲ್ಲ. ಕೆಲವು ವಾರದಲ್ಲಿ ತಾನೇ ಬಿಟ್ಟಳು.

"ಎಷ್ಟು ದಿನ?" ಅನ್ನುವುದಕ್ಕೆ 4 ವರ್ಷ ಅಂದರೆ ಆ ವಯಸ್ಸಿಗೆ ಏನೂ ಗೊತ್ತಾಗುವುದಿಲ್ಲ. "ನೀನು ದೊಡ್ಡ ಶಾಲೆಗೆ ಸೇರಿ, ಮೂರನೇ ಕ್ಲಾಸಿಗೆ ಬರೋ ಹೊತ್ತಿಗೆ" ಅಂದರು. ಉದ್ದ ಅಂತ ಗೊತ್ತಾಯಿತು, ಅತ್ತಳು. ಅಳುವುದು ಇಲ್ಲಿ ಕೆಟ್ಟ ಸುದ್ದಿ ಅಲ್ಲ. ಮೇಲೆ ಹೇಳಿದ ಅಧ್ಯಯನದಲ್ಲೂ ಅಗಲಿಕೆಗೆ ಸಿಟ್ಟಿಗಿಂತ ದುಃಖ ತೋರಿಸಿದ ಮಕ್ಕಳಲ್ಲೇ ಭದ್ರ ನಂಟು ಹೆಚ್ಚು ಕಂಡಿತ್ತು.

ಹೊರಗಿನವರಿಗೆ ಏನು ಹೇಳಬೇಕು ಅನ್ನುವುದು ಬೇರೆ ತಲೆನೋವು. ಯಾರಿಗೂ ಹೇಳಬೇಡ ಅಂದರೆ ಮಗುವಿಗೆ ನಾಚಿಕೆ ಕಲಿಸಿದ ಹಾಗೆ. ಎಲ್ಲರಿಗೂ ಹೇಳು ಅಂದರೆ ಶಾಲೆಯಲ್ಲಿ ಅಣಕ ತಪ್ಪದು. "ಅಮ್ಮ ದೂರ ಇದ್ದಾಳೆ, ಫೋನ್ ಮಾಡ್ತಾಳೆ" ಅನ್ನುವ ಮಾತು ಹೊರಗಿನವರಿಗೆ, ಪೂರ್ತಿ ಮಾತು ಅಜ್ಜಿಗೆ ಮತ್ತು ಟೀಚರ್‌ಗೆ. ಹೊರಗಿನ ಮಾತಿನಲ್ಲೂ ಸುಳ್ಳಿಲ್ಲ, ಗಮನಿಸಿ. ಅಮ್ಮ ಎಲ್ಲಿದ್ದಾಳೆ ಅಂತ ತಿಳಿಯುವ ವಿಷಯವನ್ನು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ 1989ರ ಒಡಂಬಡಿಕೆಯ 9ನೇ ವಿಧಿಯೂ ಮುಟ್ಟುತ್ತದೆ. ಸರ್ಕಾರವೇ ತಾಯಿಯನ್ನೋ ತಂದೆಯನ್ನೋ ಸೆರೆಯಲ್ಲಿಟ್ಟು ಮಗು ಬೇರೆಯಾಗಿದ್ದರೆ, ಅವರು ಎಲ್ಲಿದ್ದಾರೆ ಅಂತ ಮನೆಯವರು ಕೇಳಿದಾಗ ತಿಳಿಸಬೇಕು. ಮಗುವಿಗೆ ಅದರಿಂದ ಕೆಡುಕಾಗುವಂತಿದ್ದರೆ ಮಾತ್ರ ಬೇರೆ ಮಾತು.

ಫೋನಿನ ಹತ್ತು ನಿಮಿಷ

ಜೈಲಿನಿಂದ ವಾರಕ್ಕೆ ಒಂದು ಕರೆ, ಹತ್ತು ನಿಮಿಷ. ಮೊದಮೊದಲು ಅದು ಯಾವಾಗ ಬೇಕಾದರೂ ಬರುತ್ತಿತ್ತು. ಅಕ್ಕ ಶಿಶುವಿಹಾರದಲ್ಲಿ ಇರುವಾಗ, ತಮ್ಮ ಮಲಗಿರುವಾಗ. ಬಂದಾಗಲೂ ಮಾತು ಹೀಗೆ: "ಊಟ ಆಯ್ತಾ? ಚೆನ್ನಾಗಿದ್ದೀಯಾ? ಅಜ್ಜಿ ಮಾತು ಕೇಳ್ತೀಯಾ?" ಹೂಂ, ಹೂಂ, ಹೂಂ. ಒಂದೇ ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಮೌನ. ಮಗಳು ತನ್ನನ್ನು ಮರೆಯುತ್ತಿದ್ದಾಳೆ ಅಂತ ಅಮ್ಮ ಒಳಗೆ ಕೂತು ಕೊರಗುತ್ತಿದ್ದಳು.

ಎರಡು ಬದಲಾವಣೆ ಆಯಿತು. ಜೈಲಿನ ಸಿಬ್ಬಂದಿಯ ಜೊತೆ ಮಾತಾಡಿ ಕರೆಗೆ ವಾರದ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿದರು. ಸಂಜೆಯ ಹೊತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅಕ್ಕ ತಾನೇ ಹಳದಿ ಚುಕ್ಕೆ ಇಡುತ್ತಿದ್ದಳು. ಕರೆಗಳ ಸಂಖ್ಯೆ ಒಂದೂ ಹೆಚ್ಚಲಿಲ್ಲ, ಆದರೆ ಕಾಯುವುದು ಸುಲಭವಾಯಿತು. ಚಿಕ್ಕ ಮಕ್ಕಳ ವಿಷಯದಲ್ಲಿ ಎಷ್ಟು ಸಲ ಅನ್ನುವುದಕ್ಕಿಂತ ಯಾವಾಗ ಅಂತ ಗೊತ್ತಿರುವುದು ದೊಡ್ಡದು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಇನ್ನೊಂದು, ಮಾತಿಗೆ ಸಾಮಗ್ರಿ. ನಾಲ್ಕೈದು ವರ್ಷದ ಮಗು ಫೋನಿನಲ್ಲಿ ತಾನಾಗಿ ಸುದ್ದಿ ಹೇಳುವುದಿಲ್ಲ. ವಿಷಯ ಮುಂದಿಟ್ಟರೆ ನಿಲ್ಲಿಸುವುದಿಲ್ಲ. ಅಜ್ಜಿ ವಾರದ ಸಣ್ಣಪುಟ್ಟದನ್ನು ಕಾಗದದಲ್ಲಿ ಬರೆಸಿ ಕಳಿಸಲು ಶುರು ಮಾಡಿದರು. ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದು, ಹೊಸ ಚಪ್ಪಲಿ ಕಚ್ಚಿದ್ದು. ಮುಂದಿನ ಕರೆಯಲ್ಲಿ ಅಮ್ಮ ಕೇಳಿದಳು: "ಬೆಕ್ಕಿನ ಮರೀಲಿ ಕರೀದು ಎಷ್ಟು?" ಹತ್ತು ನಿಮಿಷ ಸಾಲಲಿಲ್ಲ. ಆಮೇಲೆ ಒಂದು ಕತೆ ಕಟ್ಟುವ ಆಟ ಹುಟ್ಟಿತು. ಅಮ್ಮ ಕತೆಯನ್ನು ಅರ್ಧಕ್ಕೆ ನಿಲ್ಲಿಸುವುದು, ಮುಂದೆ ಏನಾಗಬೇಕು ಅಂತ ಮಗಳು ವಾರವಿಡೀ ಯೋಚಿಸಿ ಹೇಳುವುದು.

ಕೆಲವು ವಾರ ಅಕ್ಕ ಫೋನ್ ಹತ್ತಿರವೇ ಬರುತ್ತಿರಲಿಲ್ಲ. ಎಳೆದು ತರಲಿಲ್ಲ. "ಅಮ್ಮನಿಗೆ ಒಂದು ಟಾಟಾ ಹೇಳಿ ಆಟಕ್ಕೆ ಹೋಗು" ಅಂದರು. ಅಮ್ಮನಿಗೆ ನೋವಾಗುತ್ತಿತ್ತು. ಅದು ಮಗಳ ಸಿಟ್ಟು, ಸಿಟ್ಟು ಮಾಡಿಕೊಳ್ಳುವಷ್ಟು ಸಲುಗೆ ಇನ್ನೂ ಇದೆ ಅಂತ ಅವಳಿಗೆ ಬಿಡಿಸಿ ಹೇಳಬೇಕಾಯಿತು.

ತಮ್ಮನಿಗೆ ಮಾತಿಲ್ಲ. ಅವನಿಗೆ ಪ್ರತಿ ಸಲ ಅದೇ ಜೋಗುಳದ ಅದೇ ಎರಡು ಸಾಲು, ಸ್ಪೀಕರ್‌ನಲ್ಲಿ. ಮೊದಲು ಫೋನನ್ನೇ ನೋಡುತ್ತಿದ್ದ. ಆಮೇಲೆ ಹಾಡು ಶುರುವಾದರೆ ತೂಗಾಡುತ್ತಿದ್ದ. ಕೆಲವು ತಿಂಗಳ ನಂತರ ವಿಡಿಯೊ ಕರೆಗೂ ಅನುಮತಿ ಸಿಕ್ಕಿತು. ಎರಡು ವರ್ಷದೊಳಗಿನ ಮಗುವಿಗೆ ಪರದೆಯ ಮೇಲಿನ ಮುಖ ಅಷ್ಟಾಗಿ ಅರ್ಥವಾಗುವುದಿಲ್ಲ. ಪಕ್ಕದಲ್ಲಿ ಕೂತವರು "ನೋಡು, ಅಮ್ಮ ಕೈ ಬೀಸ್ತಿದ್ದಾಳೆ, ನಾವೂ ಬೀಸೋಣ್ವಾ" ಅಂತ ಜೋಡಿಸಿಕೊಡಬೇಕು. ಇಲ್ಲೂ ಅಜ್ಜಿಯೇ. ಸೊಸೆಯ ಹೆಸರು ಎತ್ತಬೇಡ ಅಂದಿದ್ದ ಅದೇ ಅಜ್ಜಿ.

ಭೇಟಿ

ಮೊದಲ ಭೇಟಿ ಹಾಳಾಯಿತು. ಅರ್ಧ ದಿನ ಬಸ್ಸು, ಎರಡು ತಾಸು ಸಾಲು. ತಪಾಸಣೆಯಲ್ಲಿ ಯಾರೋ ಮೈ ಮುಟ್ಟಿದಾಗ ಅಕ್ಕ ಹೆದರಿ ಕಿರುಚಿದಳು. ಆಮೇಲೆ ಗಾಜಿನ ಆಚೆ ಅಮ್ಮ. ಕಾಣುತ್ತಾಳೆ, ಮುಟ್ಟಲು ಆಗುವುದಿಲ್ಲ. ಅಕ್ಕ ಗಾಜಿಗೆ ಬಡಿದಳು. ತಮ್ಮ ನಿದ್ದೆಯಿಂದ ಎದ್ದು ಅತ್ತ. ಅಮ್ಮನಿಗೆ ಮಾತೇ ಹೊರಡಲಿಲ್ಲ. ಮನೆಗೆ ಬಂದ ಮೇಲೆ ಅಕ್ಕ ತಮ್ಮನಿಗೆ ಹೊಡೆಯತೊಡಗಿದಳು, ರಾತ್ರಿ ಹಾಸಿಗೆ ಮತ್ತೆ ಒದ್ದೆ.

"ಸಾಕಮ್ಮ, ಇನ್ನು ಕರ್ಕೊಂಡು ಹೋಗಲ್ಲ" ಅಂದರು ಅಜ್ಜಿ.

ಎಷ್ಟೋ ಮನೆಗಳಲ್ಲಿ ಭೇಟಿ ಇಲ್ಲಿಗೇ ನಿಂತುಹೋಗುತ್ತದೆ. ಅಜ್ಜಿಯ ಮಾತು ಹುರುಳಿಲ್ಲದ್ದಲ್ಲ. ಭೇಟಿ ಅಂದರೆ ಮಗುವಿಗೆ ಯಾವಾಗಲೂ ಒಳ್ಳೆಯದೇ ಅನ್ನುವ ಹಾಗಿಲ್ಲ. ಗಾಜಿನ ಭೇಟಿ, ಹೆದರಿಸುವ ತಪಾಸಣೆ ಚಿಕ್ಕ ಮಕ್ಕಳನ್ನು ನಿಜವಾಗಿ ಕಂಗೆಡಿಸುತ್ತವೆ. ಆದರೆ ಭೇಟಿಯ ನಂತರ ಮಗು ಹಠ ಮಾಡಿತು ಅಂದ ಮಾತ್ರಕ್ಕೆ ಅಮ್ಮನನ್ನು ನೋಡಿದ್ದೇ ತಪ್ಪು ಅಂತ ಆಗುವುದಿಲ್ಲ. ಮತ್ತೆ ಬಿಟ್ಟು ಬಂದದ್ದಕ್ಕೆ ಅದು ಅಳು. ಎಷ್ಟು ದಿನ ಇರುತ್ತದೆ, ಇಳಿಯುತ್ತದೋ ಇಲ್ಲವೋ ಅಂತ ನೋಡಬೇಕು. ಅಜ್ಜಿ ಗುರುತು ಹಾಕಿಕೊಂಡರು. ಹತ್ತು ದಿನದಲ್ಲಿ ಇಳಿಯಿತು.

ಅಷ್ಟರಲ್ಲಿ ಕಾರ್ಯಕರ್ತೆ ಜೈಲಿಗೆ ಅರ್ಜಿ ಬರೆದರು. ದಯೆ ತೋರಿಸಿ ಅಂತ ಬೇಡಲಿಲ್ಲ, ನಿಯಮ ತೋರಿಸಿದರು. ಬ್ಯಾಂಕಾಕ್ ನಿಯಮಗಳ 28ನೆಯದು ಮಕ್ಕಳ ಭೇಟಿಗೆ ಹಿತವಾದ ವಾತಾವರಣ ಇರಬೇಕು, ತಾಯಿ ಮಗು ಮುಟ್ಟಿ ಮಾತಾಡುವಂತಿರಬೇಕು ಅನ್ನುತ್ತದೆ. 21ನೆಯದು ಮಕ್ಕಳ ತಪಾಸಣೆಯನ್ನು ಅವರ ಘನತೆ ಉಳಿಸಿ ಮಾಡಬೇಕು ಅನ್ನುತ್ತದೆ. ಯುರೋಪಿನ ಕೌನ್ಸಿಲ್ 2018ರಲ್ಲಿ ತನ್ನ ದೇಶಗಳಿಗೆ ಮಾಡಿದ ಶಿಫಾರಸು ಇನ್ನೂ ಬಿಡಿಸಿ ಹೇಳಿದೆ. ತಂದೆ ಅಥವಾ ತಾಯಿ ಬಂಧನವಾದ ಒಂದು ವಾರದೊಳಗೆ ಮೊದಲ ಭೇಟಿ, ಆಮೇಲೆ ಸಾಮಾನ್ಯವಾಗಿ ವಾರಕ್ಕೊಂದು. ತೀರಾ ಚಿಕ್ಕ ಮಕ್ಕಳಿಗೆ ಕಡಿಮೆ ಹೊತ್ತಿನ, ಹೆಚ್ಚು ಸಲದ ಭೇಟಿ. ಬ್ಯಾಂಕಾಕ್ ನಿಯಮಗಳು ಕಾನೂನಿನಂತೆ ಕಟ್ಟುಹಾಕುವುದಿಲ್ಲ, ಯುರೋಪಿನ ಶಿಫಾರಸು ಯುರೋಪಿಗೆ ಮಾತ್ರ. ಆದರೂ ಅಧಿಕಾರಿಯ ಮೇಜಿನ ಮೇಲೆ ಇಟ್ಟರೆ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಅಂಕಿಯನ್ನೂ ಜೊತೆಗೆ ಇಟ್ಟರು. ಅಮೆರಿಕದ ಮಿನ್ನೆಸೋಟ ರಾಜ್ಯದ ಬಂದೀಖಾನೆ ಇಲಾಖೆಯೇ 2003ರಿಂದ 2007ರ ನಡುವೆ ಬಿಡುಗಡೆಯಾದ 16,420 ಜನರನ್ನು ಅಧ್ಯಯನ ಮಾಡಿ 2011ರಲ್ಲಿ ವರದಿ ಕೊಟ್ಟಿತ್ತು. ಒಳಗಿದ್ದಾಗ ಒಂದಾದರೂ ಭೇಟಿ ಸಿಕ್ಕವರಲ್ಲಿ ಮತ್ತೆ ದೊಡ್ಡ ಅಪರಾಧಕ್ಕೆ ಶಿಕ್ಷೆಯಾಗುವ ಅಪಾಯ 13% ಕಡಿಮೆ. ಮಕ್ಕಳ ಸಂಕಟ ಹೇಳಿದರೆ ಕೆಲವು ಅಧಿಕಾರಿಗಳು ಕರಗುತ್ತಾರೆ, ಕೆಲವರಿಗೆ ಇಂಥ ಅಂಕಿಯೇ ಬೇಕು. ಯಾವುದರಿಂದ ಆದರೂ ಸರಿ, ಬಾಗಿಲು ತೆರೆದರಾಯಿತು. ತೆರೆಯಿತು. ಗದ್ದಲ ಕಡಿಮೆ ಇರುವ ಒಂದು ಬೆಳಿಗ್ಗೆ, ಗಾಜಿಲ್ಲದ ಕೋಣೆಯಲ್ಲಿ ಮುಕ್ಕಾಲು ಗಂಟೆ.

ಈ ಸಲ ಮನೆಯಲ್ಲೇ ತಯಾರಿ ನಡೆಯಿತು. ಅಕ್ಕ, ಅಜ್ಜಿ ಸೇರಿ ಜೈಲು ಭೇಟಿಯ ಆಟ ಆಡಿದರು. ಇಲ್ಲಿ ಸಾಲು, ಇಲ್ಲಿ ಬಾಗಿಲು ಬೀಪ್ ಅನ್ನುತ್ತದೆ, ಇಲ್ಲಿ ಒಬ್ಬ ಆಂಟಿ ಮೊದಲು ಅಜ್ಜಿಯ ಜೇಬು ನೋಡುತ್ತಾರೆ, ಆಮೇಲೆ ನಿನ್ನದು. ಹೊರಡುವಾಗ ಏನು ಮಾಡಬೇಕು ಅನ್ನುವುದೂ ಮೊದಲೇ ಗೊತ್ತು: ಮೂರು ಸಲ ಅಂಗೈ ತಟ್ಟಿ, ಹಿಂದೆ ತಿರುಗಿ ಒಂದು ಸಲ ಕೈ ಬೀಸುವುದು. ಅಮ್ಮನಿಗೂ ಒಳಗೆ ತಯಾರಿ ಆಯಿತು. ಅಳು ಬಂದರೆ ಅಳಲಿ, ಆದರೆ ಯಾಕೆ ಅಂತ ಮಗುವಿಗೆ ಹೇಳಲಿ: "ನಿನ್ನ ನೋಡಿ ಖುಷಿಯಾಯ್ತು, ಅದಕ್ಕೆ." ತಮ್ಮನನ್ನು ಅಜ್ಜಿಯ ಕೈಯಿಂದ ಕಿತ್ತುಕೊಳ್ಳಬೇಡ. ನೆಲದ ಮೇಲೆ ಕೂತುಕೋ, ಅಜ್ಜಿಯ ಜೊತೆ ಮಾತಾಡು, ಅವನು ನೋಡುತ್ತಿರಲಿ.

ಅಕ್ಕ ಓಡಿ ಹೋಗಿ ಅಮ್ಮನನ್ನು ತಬ್ಬಿದಳು. ತಮ್ಮ ಅಜ್ಜಿಯ ಸೆರಗು ಬಿಡಲಿಲ್ಲ. ಅಮ್ಮ ನೆಲದ ಮೇಲೆ ಕೂತು ಅದೇ ಎರಡು ಸಾಲು ಹಾಡಿದಳು. ಹುಡುಗ ತೂಗಾಡಿದ. ಹತ್ತಿರ ಬರಲಿಲ್ಲ. ಬರದಿದ್ದರೂ ಪರವಾಗಿಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಮುಂದಿನ ಭೇಟಿಗಳಲ್ಲಿ ನಿಧಾನಕ್ಕೆ ಬಂದ.

ಇಟಲಿಯಲ್ಲಿ ಮಿಲಾನಿನ ಸ್ಯಾನ್ ವಿಟ್ಟೋರೆ ಜೈಲಿನಲ್ಲಿ ಮಕ್ಕಳು ಭೇಟಿಗೆ ಮುಂಚೆ ಕಾಯಲು, ಆಡಲು ಹಳದಿ ಬಣ್ಣದ ಒಂದು ಜಾಗವೇ ಇದೆ. ಡೆನ್ಮಾರ್ಕಿನ ಜೈಲುಗಳಲ್ಲಿ ಮಕ್ಕಳ ವಿಷಯ ನೋಡಿಕೊಳ್ಳಲೆಂದೇ ಸಿಬ್ಬಂದಿಯನ್ನು ನೇಮಿಸಿದ್ದಾರೆ. ಬ್ರಿಟನ್ನಿನ ಡಾರ್ಟ್‌ಮೂರ್ ಜೈಲಿನಿಂದ ಶುರುವಾದ ಒಂದು ಯೋಜನೆಯಲ್ಲಿ ಕೈದಿಗಳು ಮಲಗುವ ಹೊತ್ತಿನ ಕತೆ ಓದಿ, ಧ್ವನಿ ಮುದ್ರಿಸಿ ಮಕ್ಕಳಿಗೆ ಕಳಿಸುತ್ತಾರೆ. ಈ ಜೈಲಿನಲ್ಲಿ ಅದ್ಯಾವುದೂ ಇರಲಿಲ್ಲ. ಒಬ್ಬ ಒಳ್ಳೆಯ ಸಿಬ್ಬಂದಿ ಇದ್ದರು, ಅಷ್ಟೇ. ಅವರಿಗೆ ವರ್ಗವಾದಾಗ ಗಾಜಿಲ್ಲದ ಕೋಣೆಗೆ ಮತ್ತೆ ಮೊದಲಿಂದ ಅರ್ಜಿ ಹಾಕಬೇಕಾಯಿತು. ವ್ಯಕ್ತಿಯನ್ನು ನಂಬಿ ನಡೆಯುವ ಏರ್ಪಾಡಿನ ಕಷ್ಟ ಇದು.

ತೊಡಕುಗಳು

ಹುಟ್ಟುಹಬ್ಬಕ್ಕೆ ಬರುತ್ತೇನೆ ಅಂತ ಅಮ್ಮ ಒಂದು ಸಲ ಫೋನಿನಲ್ಲಿ ಹೇಳಿಬಿಟ್ಟಳು. ಪೆರೋಲ್ ಸಿಗುತ್ತದೆ ಅಂದುಕೊಂಡಿದ್ದಳು. ಸಿಗಲಿಲ್ಲ. ಅಕ್ಕ ಬಾಗಿಲಲ್ಲೇ ಕೂತಿದ್ದಳು. ಆಮೇಲೆ ಮೂರು ವಾರ ಫೋನ್ ಹತ್ತಿರ ಬರಲಿಲ್ಲ. ಅಂದಿನಿಂದ ತನ್ನ ಕೈಯಲ್ಲಿ ಇರುವುದಕ್ಕೆ ಮಾತ್ರ ಮಾತು ಕೊಡುವುದು ಅಂತಾಯಿತು: ಮುಂದಿನ ಕರೆ, ಮುಂದಿನ ಕಾಗದ, ಕತೆಯ ಮುಂದಿನ ಭಾಗ.

ಶುರುವಿನಲ್ಲಿ ಹೇಳಿದ ತೊಡಕು ಇದು. ತಮ್ಮ ಮಾತು ಕಲಿತಾಗ ಅಜ್ಜಿಯನ್ನೇ "ಅಮ್ಮ" ಅಂದ. ಅಜ್ಜಿಗೆ ಒಳಗೊಳಗೆ ಖುಷಿ, ಮೇಲೆ ಸಂಕೋಚ. ಅಮ್ಮನಿಗೆ ಗೊತ್ತಾದಾಗ ಎರಡು ದಿನ ಊಟ ಬಿಟ್ಟಳಂತೆ. ತಿದ್ದಿ, ತಡೆಯಿರಿ ಅಂತ ಕಾಗದ ಬಂತು. ಕಾರ್ಯಕರ್ತೆ ತಿದ್ದಲು ಹೇಳಲಿಲ್ಲ. ಆ ವಯಸ್ಸಿಗೆ ದಿನಾ ಎತ್ತಿಕೊಳ್ಳುವವರು ಒಬ್ಬರು ಗಟ್ಟಿಯಾಗಿ ಬೇಕು. ಆ ಜಾಗವನ್ನು ಅಲ್ಲಾಡಿಸಿದರೆ ಅಮ್ಮನಿಗೂ ಲಾಭವಿಲ್ಲ, ಮಗುವಿಗಂತೂ ನಷ್ಟವೇ. ಅವನು ಹಾಗೆ ಕರೆದಾಗಲೆಲ್ಲ ಅಜ್ಜಿ "ನಾನು ಅಜ್ಜಿ ಅಮ್ಮ, ಫೋಟೋದಲ್ಲಿ ಇರೋಳು ಅಮ್ಮ" ಅಂತ ಹಗುರವಾಗಿ ಹೇಳುವುದು ಅಂತ ತೀರ್ಮಾನವಾಯಿತು. ಅಮ್ಮ ಇದನ್ನು ಪೂರ್ತಿ ಒಪ್ಪಿಲ್ಲ. ಅವಳ ಜಾಗದಲ್ಲಿ ಯಾರಾದರೂ ಪೂರ್ತಿ ಒಪ್ಪುತ್ತಾರೆ ಅಂತ ನನಗೂ ಅನಿಸುವುದಿಲ್ಲ.

ಇದೆಲ್ಲ ನಡೆದದ್ದು ಈ ತಾಯಿಯಿಂದ ಮಕ್ಕಳಿಗೆ ಯಾವ ಅಪಾಯವೂ ಇರಲಿಲ್ಲ ಅನ್ನುವುದನ್ನು ಮೊದಲೇ ಖಚಿತ ಮಾಡಿಕೊಂಡ ಮೇಲೆ. ಅಪರಾಧ ಮಗುವಿನ ಮೇಲೆಯೇ ಆಗಿದ್ದರೆ, ಅಥವಾ ಮನೆಯಲ್ಲಿ ಹೊಡೆತ ಬಡಿತ ಇದ್ದಿದ್ದರೆ, ದಾರಿಯೇ ಬೇರೆ. ಆಗ ಭೇಟಿ ಬೇಕೇ ಅನ್ನುವುದೇ ಮೊದಲ ಪ್ರಶ್ನೆ. ಉತ್ತರ ಬೇಡ ಅಂತಲೂ ಬರಬಹುದು.

ಈಗ ಎಲ್ಲಿದೆ

ಅಕ್ಕನಿಗೆ ಈಗ 6, ದೊಡ್ಡ ಶಾಲೆಗೆ ಹೋಗುತ್ತಾಳೆ. ಹಾಸಿಗೆ ಒದ್ದೆಯಾಗುವುದು ನಿಂತಿದೆ, ಭೇಟಿಯ ನಂತರದ ಒಂದೆರಡು ದಿನ ಬಿಟ್ಟರೆ. ಅಮ್ಮನಿಗೆ ತಾನೇ ಎರಡು ಸಾಲು ಬರೆಯುತ್ತಾಳೆ, ತಪ್ಪುಗಳ ಸಮೇತ. ತಮ್ಮ ಫೋನಿನಲ್ಲಿ ಅಮ್ಮನ ಧ್ವನಿ ಗುರುತಿಸುತ್ತಾನೆ. ಎರಡು ತಿಂಗಳಿಗೊಮ್ಮೆ ಭೇಟಿ. ಬಸ್ಸಿನ ಖರ್ಚು ಹೊಂದಿದರೆ ಹೆಚ್ಚು ಸಲ ಹೋಗಬಹುದಿತ್ತು.

ಗಂಡ ಇನ್ನೂ ಭೇಟಿಗೆ ಹೋಗಿಲ್ಲ. ಮಕ್ಕಳು ಹೋಗುವುದನ್ನು ತಡೆಯುವುದಿಲ್ಲ, ತಾನು ಮಾತ್ರ ಹೋಗುವುದಿಲ್ಲ. ಅವನ ಜೊತೆ ಕೆಲಸ ಶುರುವೇ ಆಗಿಲ್ಲ ಅಂದರೂ ಸರಿ.

ಬಿಡುಗಡೆಗೆ ಇನ್ನೂ ಎರಡು ವರ್ಷದಷ್ಟಿದೆ. ಅಜ್ಜಿ ಇತ್ತೀಚೆಗೆ ಕೇಳಿದ ಪ್ರಶ್ನೆ: "ಅವಳು ಬಂದ ಮೇಲೆ ಮಕ್ಕಳನ್ನ ಕರ್ಕೊಂಡು ಹೊರಟುಹೋದ್ರೆ ನಾನೇನು ಮಾಡ್ಲಿ?" ಮೊದಲು ಸೊಸೆಯ ಹೆಸರೇ ಬೇಡವಾಗಿತ್ತು, ಈಗ ಮಕ್ಕಳು ಕೈತಪ್ಪುವ ಭಯ. ಅದಕ್ಕೆ ಮುಂದಿನ ಕೆಲಸ ಅದೇ ಪ್ರಶ್ನೆಯಿಂದ ಶುರುವಾಗಲಿದೆ. ಅತ್ತೆ ಸೊಸೆ ಇಬ್ಬರನ್ನೂ ಮಕ್ಕಳಿಲ್ಲದೆ ಒಂದು ಭೇಟಿಯಲ್ಲಿ ಕೂರಿಸಿ, ಬಿಡುಗಡೆಯಾದ ಮೊದಲ ಆರು ತಿಂಗಳು ಯಾರು ಎಲ್ಲಿರುವುದು, ತಮ್ಮ ಯಾರ ಪಕ್ಕ ಮಲಗುವುದು, ಮಕ್ಕಳನ್ನು ಗದರುವ ಅಧಿಕಾರ ಯಾರದು ಅಂತ ಒಂದೊಂದಾಗಿ ಮಾತಾಡಿಸಬೇಕು. ಅರ್ಜಿ ಹೋಗಿದೆ. ಅನುಮತಿ ಬರಬೇಕು.